ಗುಡ್ಡ ಹತ್ತಿದ್ದು ಬೆಳಗ್ಗೆ, ಶುಗರ್ ಇಳಿದದ್ದು ರಾತ್ರಿ

ನನ್ನಲ್ಲಿಗೆ ಬರುವ ಶುಗರಿನವರಲ್ಲಿ ಈಗ ಪೊಸಡಿಗುಂಪೆ ಗುಡ್ಡ ಹತ್ತುವವರಿದ್ದಾರೆ, ಮುಂಜಾನೆ ಹತ್ತು ಕಿಲೋಮೀಟರ್ ಓಡುವವರಿದ್ದಾರೆ, ಮಾಲೆ ಹಾಕಿ ಶಬರಿಮಲೆಗೆ ಹೋಗುವವರೂ ಇದ್ದಾರೆ. ನನಗೆ ಖುಷಿಯೇ. ನಡೆಯಿರಿ ಎಂದು ವರ್ಷಗಟ್ಟಲೆ ಬಾಯಿ ನೋಯಿಸಿಕೊಂಡವನು ನಾನೇ. ಆದರೆ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. "ನಡೆಯುವಾಗ ಎಂತ ಆಗ್ಲಿಲ್ಲ ಡಾಕ್ಟ್ರೇ. ಮತ್ತೆ ರಾತ್ರಿ ಹೇಗೆ ಶುಗರ್ ಲೋ ಆಗ್ತದೆ?"

ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ಭಾನುವಾರ ಅಳಿಯಂದಿರ ಜೊತೆ ಗುಂಪೆ ಹತ್ತಿ ಇಳಿದರು. ಆರಾಮವಾಗಿದ್ದರು. ಸಂಜೆ ಸುಸ್ತು ಅಂತ ಎರಡು ಸೌಟು ಗಂಜಿ ಉಂಡು, ಮಾತ್ರೆ ಮಾತ್ರ ಎಂದಿನಂತೆ ನುಂಗಿ ಮಲಗಿದರು. ರಾತ್ರಿ ಎರಡು ಗಂಟೆಗೆ ಅವರ ಹೆಂಡತಿಯ ಫೋನ್. "ಮೈಯೆಲ್ಲ ಬೆವರು. ಎಂತೆಂತದೋ ಮಾತಾಡ್ತಾರೆ." ಮನೆಯಲ್ಲಿದ್ದ ಮೀಟರಿನಲ್ಲಿ 48. ಎಪ್ಪತ್ತಕ್ಕಿಂತ ಕೆಳಗೆ ಹೋದರೇ ಲೋ.

ಆಗುವುದು ಇಷ್ಟು. ದೂರ ನಡೆದಾಗ ಮಾಂಸಖಂಡಗಳಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾಗುತ್ತದೆ. ನೀವು ಕಾಲು ಚಾಚಿ ಕೂತ ಮೇಲೂ ಅವು ರಕ್ತದಿಂದ ಸಕ್ಕರೆ ಎಳೆದುಕೊಂಡು ತುಂಬಿಸಿಕೊಳ್ಳುತ್ತಲೇ ಇರುತ್ತವೆ. ಒಣಗಿದ ತೋಟಕ್ಕೆ ನೀರು ಬಿಟ್ಟರೆ ಬುಡ ಎಷ್ಟೋ ಹೊತ್ತು ಹೀರುತ್ತದಲ್ವಾ, ಹಾಗೆ. ಇದು ಒಂದು ದಿನದವರೆಗೂ ನಡೆಯಬಹುದು. ಮಾತ್ರೆ ಇಲ್ಲದವರಲ್ಲಿ ದೇಹವೇ ಆಗ ಇನ್ಸುಲಿನ್ ಕಡಿಮೆ ಮಾಡುತ್ತದೆ. ಆದರೆ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ನುಂಗಿದವರಲ್ಲಿ, ಸಕ್ಕರೆ ಹೆಚ್ಚಿರಲಿ ಕಡಿಮೆ ಇರಲಿ, ಆ ಮಾತ್ರೆ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ನೀವು ಗುಡ್ಡ ಹತ್ತಿದ ಸುದ್ದಿ ಅದಕ್ಕೆ ಮುಟ್ಟುವುದಿಲ್ಲ. ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಕೂಡ ಇದೇ ಜಾತಿ. ಚುಚ್ಚಿಕೊಂಡ ಇನ್ಸುಲಿನ್ ಕೂಡ ನಿಮಗಾಗಿ ತಡೆದು ನಿಲ್ಲುವುದಿಲ್ಲ. ಹಾಗಾಗಿ ನಡೆಯುವಾಗ ಏನೂ ಆಗಲಿಲ್ಲ ಎಂಬುದು ರಾತ್ರಿಗೆ ಗ್ಯಾರಂಟಿ ಅಲ್ಲ. ಮತ್ತೊಮ್ಮೆ ಹೇಳುತ್ತೇನೆ, ಅಲ್ಲ.

"ನಂದು ಬರೀ ಮೆಟ್‌ಫಾರ್ಮಿನ್" ಅನ್ನುವವರು ದಯವಿಟ್ಟು ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಲೋ ಆಗುವುದು ಅಪರೂಪ. ಹೆಸರಿನ ಕೊನೆಗೆ ಎಂ1, ಎಂ2 ಅಂತಿದ್ದರೆ ಎಷ್ಟೋ ಸಲ ಒಳಗೆ ಗ್ಲಿಮೆಪಿರೈಡ್ ಕೂಡ ಇರುತ್ತದೆ.

ಆ ರಾತ್ರಿ ಇನ್ನೊಂದು ತೊಡಕಾಯಿತು. ಹೆಂಡತಿ ಗಾಬರಿಯಲ್ಲೂ ಬೆಲ್ಲ ನೀರು ಕುಡಿಸಿದ್ದರು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ಊರು ನಮ್ಮದು, ಅವರಿಗೆ ತೋಚಿದ್ದು ತಪ್ಪಲ್ಲ. ಆದರೆ ಗಂಡನ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಜೊತೆ ವೋಗ್ಲಿಬೋಸ್ ಎಂಬ ಔಷಧ ಕೂಡ ಸೇರಿತ್ತು. ಅದು ಬೆಲ್ಲ, ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನು ನಿಧಾನ ಮಾಡುತ್ತದೆ. ಅಂಥವರಿಗೆ ಗ್ಲೂಕೋಸ್ ಪುಡಿಯೇ ಬೇಕು, ಅದನ್ನು ಒಡೆಯುವ ಕೆಲಸವೇ ಇಲ್ಲ. ಮೂರು ನಾಲ್ಕು ಚಮಚ ಪುಡಿಯನ್ನು ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗ್ಲಿಮೆಪಿರೈಡ್ ಜಾತಿಯ ಮಾತ್ರೆಯಿಂದ ಇಳಿದ ಶುಗರ್ ಒಮ್ಮೆ ಏರಿ ಮತ್ತೆ ಇಳಿಯಬಹುದು. ಹಾಗಾಗಿ ಆ ಕೃಷಿಕರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಮರುದಿನ ಸಂಜೆವರೆಗೆ ಮನೆಗೆ ಬಿಡಲಿಲ್ಲ.

ಇದನ್ನೋದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ದೊಡ್ಡ ನಡಿಗೆ ಇದ್ದರೆ ವಾರ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ. ಆ ದಿನದ ಪ್ರಮಾಣ ಇಳಿಸಬೇಕಾಗಬಹುದು, ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು. ರಾತ್ರಿ ಊಟ ಬಿಡಬೇಡಿ. ಮಲಗುವ ಮುಂಚೆ ಬೆರಳು ಚುಚ್ಚಿ ನೋಡಿ. ನೂರಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಮಲಗಿ. ಡಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತಗೊಳ್ಳುವವರು ಶಬರಿಮಲೆ ವ್ರತದ ಒಪ್ಪೊತ್ತು ಊಟ, ಮಲೆ ಹತ್ತುವುದು ಎರಡನ್ನೂ ಡಾಕ್ಟರಿಗೆ ಮೊದಲೇ ಹೇಳಿ, ಆ ಮಾತ್ರೆಯ ಅಪಾಯ ಬೇರೆಯೇ.

ಆ ಕೃಷಿಕರು ಈಗಲೂ ಗುಂಪೆ ಹತ್ತುತ್ತಾರೆ. ಮಾತ್ರೆ ಬದಲಾಗಿದೆ. ಹತ್ತಿದ ದಿನ ರಾತ್ರಿ ಹತ್ತಕ್ಕೆ ಅವರ ಹೆಂಡತಿಯೇ ಬೆರಳು ಚುಚ್ಚಿ ನಂಬರ್ ಕಳಿಸುತ್ತಾರೆ. ಮೊನ್ನೆ 132 ಇತ್ತು.