ರಕ್ತನಾಳ ಕಟ್ಟಿದಾಗ ಕುಸಿಯುವ ಎರಡನೇ ಅಲೆ

ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪರದೆಯಾದ ರೆಟಿನಾಕ್ಕೆ ರಕ್ತ ತರುವ ಮುಖ್ಯ ಅಪಧಮನಿ ಕಟ್ಟಿಕೊಂಡರೆ ನೋವೇ ಇಲ್ಲದೆ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಆದರೂ ಆ ಕಣ್ಣಿಗೆ ಬೆಳಕು ಮಿಂಚಿಸಿ ಇಆರ್‌ಜಿ (ಎಲೆಕ್ಟ್ರೋರೆಟಿನೋಗ್ರಾಮ್, ಅಂದರೆ ಬೆಳಕಿಗೆ ರೆಟಿನಾ ಕೊಡುವ ವಿದ್ಯುತ್ ಉತ್ತರದ ದಾಖಲೆ) ತೆಗೆದರೆ ಗೆರೆ ಪೂರ್ತಿ ಸಪಾಟಾಗಿರುವುದಿಲ್ಲ. ಮೊದಲು ಕೆಳಗಿಳಿಯುವ ‘ಎ’ ಅಲೆ ಬಹುಮಟ್ಟಿಗೆ ಉಳಿದಿರುತ್ತದೆ. ಅದರ ಬೆನ್ನಿಗೇ ಮೇಲೇಳಬೇಕಾದ ‘ಬಿ’ ಅಲೆ ಕುಸಿದಿರುತ್ತದೆ.

ಬೆಳಕಿಗೆ ಕಣ್ಣು ವಿದ್ಯುತ್ತಿನಲ್ಲಿ ಉತ್ತರಿಸುತ್ತದೆಂದು 1865ರಲ್ಲಿ ಕಪ್ಪೆಯ ಕಣ್ಣಿನಲ್ಲಿ ತೋರಿಸಿದವರು ಸ್ವೀಡನ್ನಿನ ಹೋಮ್‌ಗ್ರೆನ್. ಅಲೆಗಳಿಗೆ ಎ, ಬಿ, ಸಿ ಎಂಬ ಹೆಸರು ಬಂದದ್ದು 1908ರಲ್ಲಿ, ಇಸಿಜಿಯ ಐಂತೋವನ್ ಮತ್ತು ಜಾಲಿ ಅವರಿಂದ. ಅಪಧಮನಿ ಕಟ್ಟಿಕೊಳ್ಳುವ ಕಾಯಿಲೆಯನ್ನು ಬರ್ಲಿನ್ನಿನ ಫಾನ್ ಗ್ರೇಫೆ 1859ರಲ್ಲೇ ವಿವರಿಸಿದ್ದರು. ಆದರೆ ಪ್ರಯೋಗಾಲಯದ ಅಲೆಗೂ ಆಸ್ಪತ್ರೆಯ ಕಾಯಿಲೆಗೂ ನಂಟು ಬೆಳೆದದ್ದು ಬಹಳ ತಡವಾಗಿ. 1945ರಲ್ಲಿ ಕಾರ್ಪೆ ಕಾಂಟ್ಯಾಕ್ಟ್ ಲೆನ್ಸಿನ ಎಲೆಕ್ಟ್ರೋಡ್ ಬಳಸಿ ಇಆರ್‌ಜಿಯನ್ನು ರೋಗಿಗಳ ಪರೀಕ್ಷೆಯಾಗಿಸಿದ ಮೇಲೆಯೇ ಅದು ಸಾಧ್ಯವಾಯಿತು.

ಗುಟ್ಟು ರಕ್ತ ಬರುವ ದಾರಿಯಲ್ಲಿದೆ. ರೆಟಿನಾಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ. ಬೆಳಕು ಹಿಡಿಯುವ ರಾಡ್ ಮತ್ತು ಕೋನ್ ಕೋಶಗಳನ್ನು ಸಾಕುವುದು ಹಿಂಬದಿಯ ಕೊರಾಯ್ಡ್ ಪದರ. ‘ಎ’ ಅಲೆ ಮುಖ್ಯವಾಗಿ ಅವುಗಳದು. ಅವುಗಳ ಸಂಕೇತವನ್ನು ಮುಂದಕ್ಕೆ ದಾಟಿಸುವ ಬೈಪೋಲಾರ್ ಕೋಶಗಳಿರುವ ಒಳಪದರಗಳಿಗೆ ರಕ್ತ ಮುಖ್ಯ ಅಪಧಮನಿಯಿಂದ; ‘ಬಿ’ ಅಲೆ ಏಳುವುದು ಅಲ್ಲಿಂದ. 1962ರಲ್ಲಿ ಬ್ರೌನ್ ಮತ್ತು ವಾತಾನಾಬೆ ಕೋತಿಯ ರೆಟಿನಾದ ರಕ್ತಸಂಚಾರವನ್ನು ಬೇಕೆಂದೇ ತಡೆದು, ಒಳಪದರದ ಸದ್ದಡಗಿಸಿ, ಬೆಳಕುಗ್ರಾಹಿಗಳ ಉತ್ತರವನ್ನಷ್ಟೇ ಬೇರ್ಪಡಿಸಿಕೊಂಡರು. ಕಾಯಿಲೆ ತಾನಾಗಿ ಮಾಡುವುದನ್ನೇ ಅವರು ಉಪಕರಣವಾಗಿಸಿಕೊಂಡಿದ್ದರು!

ಅಪಧಮನಿ ಕಟ್ಟಿದ ರೋಗಿಗೆ ಈ ಪರೀಕ್ಷೆಯಿಂದ ತಕ್ಷಣದ ಲಾಭ ಕಡಿಮೆ ಎನ್ನಬೇಕು. ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ದುಡಿದ ಕಣ್ಣಿನ ತಜ್ಞ ಸೋಹನ್ ಸಿಂಗ್ ಹಯ್ರೆ ವಯಸ್ಸಾದ ಕೋತಿಗಳಲ್ಲಿ ನೋಡಿದಂತೆ, 97 ನಿಮಿಷದವರೆಗೆ ರೆಟಿನಾ ತಡೆದುಕೊಳ್ಳುತ್ತದೆ. 240 ನಿಮಿಷ ಆಗುವಷ್ಟರಲ್ಲಿ ಭಾರೀ ಹಾನಿ ಆಗಿಹೋಗಿರುತ್ತದೆ. ಪೂರ್ಣ ಇಆರ್‌ಜಿಗೆ ಕತ್ತಲಲ್ಲಿ ಕೂರಿಸುವುದಕ್ಕೇ 20 ನಿಮಿಷ ಬೇಕು. ಇದೂ ಕಣ್ಣಿಗೆ ಬಡಿದ ಪಾರ್ಶ್ವವಾಯುವಿನಂತೆಯೇ; ಅದಕ್ಕೆಲ್ಲ ಕಾಯದೆ ಪಾರ್ಶ್ವವಾಯು ಚಿಕಿತ್ಸೆಯಿರುವ ಆಸ್ಪತ್ರೆಗೆ ಓಡಬೇಕು.

ರೆಟಿನಾದಿಂದ ರಕ್ತವನ್ನು ಹೊರಗೊಯ್ಯುವ ಅಭಿಧಮನಿ ಕಟ್ಟಿದಾಗ ಲೆಕ್ಕ ಬೇರೆ. ಅಲ್ಲಿ ಭಯ ಮುಂದಿನ ತಿಂಗಳುಗಳದು: ರಕ್ತ ಸಾಲದ ರೆಟಿನಾ ಹೊಸ ನಾಳಗಳನ್ನು ಪ್ರಚೋದಿಸುತ್ತದೆ, ಅವು ಪಾಪೆಯ ಸುತ್ತಲಿನ ಬಣ್ಣದ ಉಂಗುರವಾದ ಐರಿಸ್ ಮೇಲೆ ಹಬ್ಬಿ, ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ತರುತ್ತವೆ. 1980ರ ದಶಕದ ಅಧ್ಯಯನಗಳು ‘ಎ’ಗೆ ಹೋಲಿಸಿದರೆ ‘ಬಿ’ ಅಲೆ ಎಷ್ಟು ತಗ್ಗಿದೆ, ಸೆಕೆಂಡಿಗೆ 30 ಬಾರಿ ಮಿನುಗುವ ಬೆಳಕಿಗೆ ಉತ್ತರ ಎಷ್ಟು ತಡವಾಗುತ್ತಿದೆ ಎಂಬುದರಲ್ಲಿ ಆ ಅಪಾಯದ ಸುಳಿವು ಕಂಡವು. ಬರೀ ಟಾರ್ಚು ಹಿಡಿದು ಎರಡೂ ಪಾಪೆಗಳನ್ನು ಹೋಲಿಸುವ ಪರೀಕ್ಷೆಯೂ ಈ ಕೆಲಸಕ್ಕೆ ಒಳ್ಳೆಯದೇ, ಖರ್ಚೂ ಇಲ್ಲ. ಆದರೆ ಅದಕ್ಕೆ ಇನ್ನೊಂದು ಕಣ್ಣು ಚೆನ್ನಾಗಿರಬೇಕು. ಇಲ್ಲದಿದ್ದರೆ ಅಲೆಗಳನ್ನೇ ಕೇಳಬೇಕು.