ಮರವೇ ಇಲ್ಲದ ಪದವು ಅಗೆದರೆ ನಷ್ಟವೇನು?

ಪ್ರಶ್ನೆ: ನಮ್ಮ ಕಾಸರಗೋಡಿನ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಕಲ್ಲುಬಯಲುಗಳಲ್ಲಿ, ಅಲ್ಯುಮಿನಿಯಂ ಅದಿರಾದ ಬಾಕ್ಸೈಟ್ ಇದೆ ಅನ್ನುತ್ತಾರೆ. ಮೇಲೆ ಹತ್ತಿ ನೋಡಿದರೆ ಬರೀ ಮುರಕಲ್ಲು (ಜಂಬಿಟ್ಟಿಗೆ), ಮುಳಿಹುಲ್ಲು. ಎಲ್ಲಾದರೂ ಕಾಡು ಕಡಿಯಬೇಕಾಗಿ ಬಂದರೆ ಬೇರೆ ಕಡೆ ಗಿಡ ನೆಟ್ಟರಾಯಿತು. ಊರಿಗೆ ನಾಲ್ಕು ಕೆಲಸ ಬರುತ್ತದೆ ಅಲ್ವಾ, ಬೇಡ ಅನ್ನುವುದು ಯಾಕೆ?

ಉತ್ತರ: ಕೆಲಸ ಬೇಕು ಅನ್ನುವುದು ಸರಿಯೇ. ಆದರೆ ಈ ಗಣಿಯಲ್ಲಿ ಯಂತ್ರಗಳದ್ದೇ ಕಾರುಬಾರು ಜಾಸ್ತಿ. ಅದಿರಲಿ, ಮೊದಲು ಕಲ್ಲಿನ ವಿಷಯಕ್ಕೆ ಬರೋಣ.

ಮುರಕಲ್ಲು, ಬಾಕ್ಸೈಟ್ ಎರಡೂ ಅಣ್ಣತಮ್ಮಂದಿರು. ಬಿಸಿಲೂ ಮಳೆಯೂ ಜೋರಾಗಿರುವ ನಾಡಿನಲ್ಲಿ ಲಕ್ಷಾಂತರ ವರ್ಷ ಮಳೆನೀರು ಕಲ್ಲಿನೊಳಗಿನ ಸಿಲಿಕಾವನ್ನು ತೊಳೆದು ಒಯ್ಯುತ್ತದೆ. ಕಬ್ಬಿಣ ಜಾಸ್ತಿ ಉಳಿದರೆ ಮುರಕಲ್ಲು, ಅಲ್ಯುಮಿನಿಯಂ ಜಾಸ್ತಿ ಉಳಿದರೆ ಬಾಕ್ಸೈಟ್. ಹಾಗಾಗಿ ಅದು ಗುಡ್ಡದ ನೆತ್ತಿಯಲ್ಲೇ ಮುಟ್ಟಾಳೆಯ (ಅಡಿಕೆ ಹಾಳೆಯ ಟೋಪಿಯ) ಹಾಗೆ ಕೂತಿರುತ್ತದೆ. ಬೇಕೆಂದರೆ ಮುಟ್ಟಾಳೆಯನ್ನೇ ಕಳಚಬೇಕು. ಒಂದು ಟನ್ ಅಲ್ಯುಮಿನಿಯಂ ತೆಗೆಯಲು 4-5 ಟನ್ ಬಾಕ್ಸೈಟ್ ಬೇಕು.

ಇನ್ನು ನಿಮ್ಮ ತೋಟದ ಮೇಲಿನ ಸುರಂಗ ನೆನಪಿಸಿಕೊಳ್ಳಿ. ಒಬ್ಬ ಆಳು ನುಸುಳುವಷ್ಟೇ ಅಗಲ. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದು, ಒಳಗೆ ಜಿನುಗುವ ನೀರನ್ನು ಪಂಪಿಲ್ಲದೆ ಅಡಿಕೆ ತೋಟಕ್ಕೆ ಇಳಿಸುತ್ತಾರೆ. ಆ ನೀರು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯದು. ಮೇಲಿನ ಕಲ್ಲಿನ ತೂತುಗಳಲ್ಲಿ ನಿಧಾನಕ್ಕೆ ಇಳಿದು ಬಂದದ್ದು. ನೆತ್ತಿ ಕೆತ್ತಿದರೆ ಮಳೆ ಮೊದಲಿನಷ್ಟೇ ಬೀಳುತ್ತದೆ, ನಿಲ್ಲಲು ಜಾಗ ಇರುವುದಿಲ್ಲ.

ಪದವು ಬೋಳು ಅನ್ನುತ್ತೀರಲ್ಲ, ಅದನ್ನು ಮೇ ತಿಂಗಳಲ್ಲಿ ನೋಡಿದ್ದೀರಿ ಅಂತ ನನ್ನ ಗುಮಾನಿ! ಮಳೆ ಹಿಡಿದ ಮೇಲೆ ಹೋಗಿ. ಪಳ್ಳಗಳಲ್ಲಿ, ಅಂದರೆ ಕಲ್ಲಿನ ತಗ್ಗುಗಳಲ್ಲಿ, ನೀರು ತುಂಬಿರುತ್ತದೆ. ಓಣಂ ಹೊತ್ತಿಗೆ ನೆಲವೆಲ್ಲ ನೀಲಿ. ಮಲಯಾಳದಲ್ಲಿ ಕಾಕ್ಕಪೂವು ಅನ್ನುವ ಆ ಪುಟ್ಟ ಗಿಡ ಕೀಟಾಹಾರಿ. ಮಣ್ಣಿನಲ್ಲಿ ಸಾರವಿಲ್ಲ ಎಂದು ಬೇರಿನಂಥ ಎಳೆಗಳಲ್ಲಿರುವ ಸಣ್ಣ ಚೀಲಗಳಲ್ಲಿ ನೀರಿನ ಹುಳ ಹಿಡಿದು ತಿನ್ನುತ್ತದೆ. ಟಿಟ್ಟಿಭ ಇಂಥ ಬಯಲು ನೆಲದಲ್ಲೇ ಮೊಟ್ಟೆ ಇಡುತ್ತದೆ. ಇಲ್ಲಿ ಸುಮ್ನೆ ಅಕೇಶಿಯ ನೆಟ್ಟರೆ ಇವಕ್ಕೆ ಅದೂ ಒಂದು ಪೆಟ್ಟೇ.

ಅರಣ್ಯ ಭೂಮಿಯನ್ನು ಗಣಿಗೆ ಕೊಟ್ಟರೆ ಬದಲಿಗೆ ಬೇರೆ ಕಡೆ ಗಿಡ ನೆಡಿಸುವ ಪದ್ಧತಿ 1980ರ ಅರಣ್ಯ ಕಾಯ್ದೆಯ ಜೊತೆ ಬಂದದ್ದು. ಅದರಿಂದ ಹಸಿರಿನ ಲೆಕ್ಕ ಸರಿಹೋಗಬಹುದು. ಪಳ್ಳವನ್ನೂ ಸುರಂಗದ ಒರತೆಯನ್ನೂ ಲಾರಿಯಲ್ಲಿ ಸಾಗಿಸಲಾದೀತೇ?

ಹಾಗಂತ ಗಣಿಯನ್ನು ನಾಜೂಕಾಗಿ ಮಾಡಲು ಬರುವುದೇ ಇಲ್ಲ ಅನ್ನಲಾರೆ. ಬ್ರೆಜಿಲ್‌ನ ಅಮೆಜಾನ್ ಕಾಡಿನ ಟ್ರೊಂಬೆಟಾಸ್‌ನಲ್ಲಿ 1979ರಲ್ಲಿ ಬಾಕ್ಸೈಟ್ ಗಣಿ ಶುರುವಾಯಿತು. ಮೊದಲ ಹತ್ತು ವರ್ಷ ಅದಿರು ತೊಳೆದ ಕೆಸರನ್ನು ಬಟಾಟ ಸರೋವರಕ್ಕೇ ಬಿಟ್ಟರು. ಆಮೇಲೆ ಅದು ನಿಂತಿತು. ಅಲ್ಲಿ ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು ಮತ್ತೆ ಹರಡಿ, ಅದೇ ಕಾಡಿನ ಹತ್ತಾರು ಜಾತಿಯ ಗಿಡ ನೆಟ್ಟಿದ್ದಾರೆ. ಮರಗಳು ಎದ್ದಿವೆ. ಹಳೆಯ ಕಾಡಿನ ಸಮಕ್ಕೆ ಬರಲು ಇನ್ನೂ ದಶಕಗಳು ಬೇಕು.

ಅದಕ್ಕೇ ನಾನು ಎಲ್ಲಿ ಅಗೆಯಲೇಬಾರದು ಅನ್ನುವುದನ್ನು ಮೊದಲು ಕೇಳುತ್ತೇನೆ. ಒಡಿಶಾದ ನಿಯಮಗಿರಿಯ ಬಾಕ್ಸೈಟ್ ವಿಷಯದಲ್ಲಿ ಗ್ರಾಮಸಭೆಗಳನ್ನು ಕೇಳಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 12 ಗ್ರಾಮಸಭೆಗಳೂ ಬೇಡ ಅಂದವು. ನಮ್ಮಲ್ಲಿ ಸುರಂಗ ತೋಡಿದ ಹಿರಿಯರು ಇನ್ನೂ ಇದ್ದಾರೆ. ಯಾವ ಗುಡ್ಡದ ಬುಡದಲ್ಲಿ ಏಪ್ರಿಲ್‌ನಲ್ಲೂ ನೀರು ಸಿಗುತ್ತದೆ ಎಂದು ಅವರಿಗೆ ಗೊತ್ತು. ಲೀಸಿನ ಕಾಗದಕ್ಕೆ ಮೊದಲು ಅವರನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ, ನಕ್ಷೆಯಲ್ಲಿ ಗುರುತು ಹಾಕಿಸಬೇಕು.