ಹಜಾರ್ಡ್ ಬೇರೆ, ರಿಸ್ಕ್ ಬೇರೆ

ಯಾವ ಯಂತ್ರಕ್ಕೆ ಯಾವ ವಸ್ತು ಅಂತ ಆರಿಸುವ ವರದಿಗಳಲ್ಲಿ 'ರಿಸ್ಕ್' ಅನ್ನೋ ಕಾಲಂ ಒಂದು ಇದ್ದೇ ಇರುತ್ತದೆ. ಅದರಲ್ಲಿ 'ಸೀಸ: ವಿಷಕಾರಿ', 'ಸ್ಟೇನ್‌ಲೆಸ್ ಸ್ಟೀಲ್: ಏನೂ ಇಲ್ಲ' ಅಂತ ಬರೆದು ಕೈತೊಳೆದುಕೊಂಡಿರುತ್ತಾರೆ. ನೋಡಿ ನೋಡಿ ಸಾಕಾಗಿದೆ. ಅಲ್ಲಿ ಬರೆದಿರುವುದು ಹಜಾರ್ಡ್. ರಿಸ್ಕ್ ಎಷ್ಟು ಅಂತ ಯಾರೂ ಲೆಕ್ಕ ಹಾಕಿಯೇ ಇಲ್ಲ.

ಹಾನಿ ಮಾಡಬಲ್ಲ ಗುಣ ಹಜಾರ್ಡ್. ಅದು ವಸ್ತುವಿನ ಜೊತೆಗೇ ಬರುತ್ತದೆ. ಆ ಹಾನಿ ನಿಜವಾಗಿ ಆಗುವ ಸಾಧ್ಯತೆ ಎಷ್ಟು, ಆಯಿತು ಅಂದರೆ ಪೆಟ್ಟು ಎಷ್ಟು ದೊಡ್ಡದು ಅನ್ನೋ ಲೆಕ್ಕ ರಿಸ್ಕ್. ವಸ್ತು ಯಾವ ರೂಪದಲ್ಲಿದೆ, ಯಾರ ಮೈಗೆ ತಾಗುತ್ತದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಈ ಲೆಕ್ಕ ಆಗುವುದಿಲ್ಲ. ನಾವು ಎರಡಕ್ಕೂ 'ಅಪಾಯ' ಅಂದುಬಿಡುತ್ತೇವೆ. ಗೊಂದಲ ಜಾಸ್ತಿಯಾಗುವುದು ಇದರಿಂದಲೇ.

ಬೆರಿಲಿಯಂ ತಾಮ್ರವನ್ನೇ ನೋಡಿ. ತಾಮ್ರಕ್ಕೆ ಸುಮಾರು 2% ಬೆರಿಲಿಯಂ ಬೆರೆಸಿದರೆ ತುಂಬಾ ಗಟ್ಟಿಯಾದ ಲೋಹ ಸಿಗುತ್ತದೆ. ಬಡಿದರೆ ಉಕ್ಕಿನಂತೆ ಕಿಡಿ ಹಾರುವುದಿಲ್ಲ. ಅದಕ್ಕೇ ಹೊತ್ತಿಕೊಳ್ಳುವ ಅನಿಲ ಇರುವ ಕಡೆ ಇದರ ಸುತ್ತಿಗೆ, ಸ್ಪ್ಯಾನರ್ ಬಳಸುತ್ತಾರೆ. ಸ್ಪ್ಯಾನರ್ ಹಿಡಿದು ಕೆಲಸ ಮಾಡುವವರಿಗೆ ಅದರಿಂದ ತೊಂದರೆಯಿಲ್ಲ, ಬೆಂಕಿಯ ರಿಸ್ಕ್ ಕೂಡ ಇಳಿಯಿತು. ಅದೇ ಸ್ಪ್ಯಾನರಿನ ಬಾಯಿ ಸವೆಯಿತು ಅಂತ ಗ್ರೈಂಡಿಂಗ್ ಚಕ್ರಕ್ಕೆ ಹಿಡಿದರೆ? ಏಳುವ ನುಣ್ಣನೆಯ ಧೂಳು ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಲವರಿಗೆ ಎಷ್ಟೋ ವರ್ಷಗಳ ಮೇಲೆ, ಪೂರ್ತಿ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಲೋಹ ಅದೇ, ಹಜಾರ್ಡ್ ಅದೇ. ರಿಸ್ಕ್ ಮಾತ್ರ ಎಲ್ಲಿಂದ ಎಲ್ಲಿಗೋ ಹೋಯಿತು.

'ಏನೂ ಇಲ್ಲ' ಅನ್ನಿಸಿಕೊಂಡ ಸ್ಟೇನ್‌ಲೆಸ್ ಸ್ಟೀಲಿನ ಪಾಡೂ ಹೀಗೇ. ಅದರಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುತ್ತದೆ. ತಗಡಾಗಿ ಬಿದ್ದಿರುವಾಗ ತಂಟೆಯಿಲ್ಲ. ವೆಲ್ಡಿಂಗ್ ಮಾಡುವಾಗ ಆ ಕ್ರೋಮಿಯಂನ ಒಂದಿಷ್ಟು ಪಾಲು ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನೋ ಇನ್ನೊಂದು ರೂಪಕ್ಕೆ ತಿರುಗಿ ಹೊಗೆಯಲ್ಲಿ ಸೇರುತ್ತದೆ. ಅದು ಕ್ಯಾನ್ಸರ್‌ಕಾರಕ. ಸ್ಟೀಲ್ ಬೇಡ ಅಂತ ನಾನು ಹೇಳುತ್ತಿಲ್ಲ. ವೆಲ್ಡರ್‌ನನ್ನು ಲೆಕ್ಕದಿಂದ ಬಿಡಬೇಡಿ ಅಂತ ಹೇಳುತ್ತಿದ್ದೇನೆ.

ಇದನ್ನೆಲ್ಲ ಅರೆಬರೆ ಕಲಿತವರು ಉಲ್ಟಾ ತಪ್ಪು ಮಾಡುತ್ತಾರೆ. 'ಕಲ್ನಾರಿನ (ಆಸ್ಬೆಸ್ಟಾಸ್) ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಹಿಡಿದುಕೊಂಡಿದೆ, ರಿಸ್ಕ್ ಏನೂ ಇಲ್ಲ' ಅನ್ನುತ್ತಾರೆ. ಶೀಟ್ ಯಾವತ್ತೂ ಹಾಗೇ ಇರುತ್ತದೆ ಅಂತ ಯಾರು ಹೇಳಿದ್ದು? ಅದನ್ನು ಕೊರೆಯುತ್ತಾರೆ, ಕತ್ತರಿಸುತ್ತಾರೆ, ಕೊನೆಗೊಂದು ದಿನ ಒಡೆದು ಕೆಳಗಿಳಿಸುತ್ತಾರೆ. ನಾರು ಗಾಳಿಗೆ ಬರುವುದು ಆವಾಗ. ಅದನ್ನು ಉಸಿರಾಡಿದವರಲ್ಲಿ ಮೀಸೋಥೀಲಿಯೋಮಾ ಅನ್ನೋ ಕ್ಯಾನ್ಸರ್ ತಲೆಯೆತ್ತುವ ಹೊತ್ತಿಗೆ ಸಾಮಾನ್ಯವಾಗಿ 20-40 ವರ್ಷ ಕಳೆದಿರುತ್ತದೆ. ಶೀಟ್ ಆರಿಸಿದವರು ಅಷ್ಟರಲ್ಲಿ ನಿವೃತ್ತರಾಗಿರುತ್ತಾರೆ.

ಮಾಸ್ಕ್, ಎಕ್ಸಾಸ್ಟ್ ಫ್ಯಾನ್ ಇವೆಲ್ಲ ರಿಸ್ಕ್ ಇಳಿಸುತ್ತವೆ, ಹಜಾರ್ಡ್ ಇದ್ದಲ್ಲೇ ಇರುತ್ತದೆ. ಫ್ಯಾನ್ ಕೆಟ್ಟ ದಿನ ರಿಸ್ಕ್ ಮತ್ತೆ ಹಾಜರ್. ಹಜಾರ್ಡನ್ನೇ ತೆಗೆಯಬೇಕು ಅಂದರೆ ವಸ್ತುವನ್ನೇ ಬದಲಿಸಬೇಕು. ಆದರೆ ಸುಮ್ನೆ ಬದಲಿಸಿದರೆ ಆಗಲಿಲ್ಲ, ಹೊಸದಾಗಿ ಬಂದದ್ದನ್ನೂ ಅಷ್ಟೇ ನಿಷ್ಠುರವಾಗಿ ಅಳೆಯಬೇಕು. ಹಿಂದೆ ಫ್ರಿಜ್‌ಗಳಲ್ಲಿ ತಂಪು ಮಾಡುವುದಕ್ಕೆ ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ಇರುತ್ತಿದ್ದವು. ಸೋರಿದರೆ ಪ್ರಾಣಕ್ಕೇ ಕುತ್ತು. 1930ರ ದಶಕದಲ್ಲಿ ಅವುಗಳ ಜಾಗಕ್ಕೆ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಬಂತು. ಉರಿಯುವುದಿಲ್ಲ, ಹೇಳಿಕೊಳ್ಳುವಂಥ ವಿಷವೂ ಇಲ್ಲ. ಕೋಣೆಯಲ್ಲಿ ಇರುವವರ ಮಟ್ಟಿಗೆ ಲೆಕ್ಕ ಸರಿಯಾಗೇ ಇತ್ತು, ಅದು ಹಾಳುಮಾಡುವ ಮೇಲಿನ ಓಝೋನ್ ಪದರವನ್ನು ಯಾರೂ ಲೆಕ್ಕಕ್ಕೆ ಸೇರಿಸಿರಲಿಲ್ಲ. ಸಿಎಫ್‌ಸಿ ತಯಾರಿಕೆಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದ್ದು 1987ರಲ್ಲಿ.